ಹೈದರಾಬಾದೋ, ಬೆಂಗಳೂರೋ: ಚಪ್ಪಾಳೆ ಯಾರ ಕಡೆಗೆ?

ಪ್ರತಿ ವಾರ ನನ್ನ ದನಿ ಕೇಳುತ್ತೀರಿ, ಈ ಸಲ ಸ್ವಲ್ಪ ನನ್ನ ಅಕ್ಷರವನ್ನೂ ಸಹಿಸಿಕೊಳ್ಳಿ. ಮಧ್ಯದಲ್ಲಿ ಹಾಡು ಹಾಕಿ ತಪ್ಪಿಸಿಕೊಳ್ಳುವ ಅನುಕೂಲ ಇಲ್ಲಿ ನನಗಿಲ್ಲ!

ಹಾಡು ಹಾಕಿ ತಪ್ಪಿಸಿಕೊಂಡ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. 2025ರ ಐಪಿಎಲ್ ಫೈನಲ್ ಹತ್ತಿರ ಬಂದಿದ್ದ ದಿನಗಳು. ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಕಾಚಿಗುಡದಿಂದ ಒಬ್ಬ ತಾಯಿ ಫೋನ್ ಮಾಡಿದರು. "ಅಣ್ಣಾರ, ನಾವು ಬೀದರ ಕಡಿಯವರು. ಹೈದರಾಬಾದಿಗೆ ಬಂದು ಮೂವತ್ತು ವರ್ಷ ಆತು. ನಮ್ಮ ಮನೆಯವರು ಬೆಂಗಳೂರು ತಂಡದ ಕೆಂಪಂಗಿ ಹಾಕ್ಕೊಂಡು ಟಿವಿ ಮುಂದ ಕೂಡ್ತಾರ. ಮಗ ಇಲ್ಲೇ ಹುಟ್ಟಿದಾಂವ, ಅಂವಂದು ಹೈದರಾಬಾದಿನ ಕಿತ್ತಳೆ ಅಂಗಿ. ನಡುವ ನಾ ಯಾರ ಕಡೆ ಇರಬೇಕ್ರೀ?" ಎಂದು ಕೇಳಿದರು. ನಾನು ನಕ್ಕೆ, ಅವರೂ ನಕ್ಕರು. ಉತ್ತರ ಹೊಳೆಯಲಿಲ್ಲ, ಒಂದು ಚಿತ್ರಗೀತೆ ಹಾಕಿಬಿಟ್ಟೆ.

ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏಕೆಂದರೆ ಅದು ನನ್ನ ಮನೆಯ ಪ್ರಶ್ನೆಯೂ ಹೌದು. ನಮ್ಮಪ್ಪಾಜಿ ಕಲಬುರಗಿಯವರು. ಸುಲ್ತಾನ್ ಬಜಾರಿನ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯಲು ಬಂದವರು ಇಲ್ಲಿಯೇ ಉಳಿದರು. ನಾನು ಹುಟ್ಟಿದ್ದು ಇಲ್ಲಿ, ಕನ್ನಡ ಬಿ.ಎ. ಓದಿದ್ದು ಅಲ್ಲಿ. ಆ ತಾಯಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಹುಡುಕುತ್ತೇನೆ. ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ, ಬನ್ನಿ.

ಸುಲ್ತಾನ್ ಬಜಾರಿನಿಂದ ಮೈದಾನದವರೆಗೆ

ಈಗ ನೀವು ಸುಲ್ತಾನ್ ಬಜಾರ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ಸೀರೆ, ಬಳೆ, ಸ್ಟೀಲ್ ಪಾತ್ರೆಗಳ ನಡುವೆ ದಾರಿ ಮಾಡಿಕೊಂಡು ನಡೆಯುತ್ತೀರಿ. ಒಂದು ಕಾಲದಲ್ಲಿ ಈ ಬಜಾರು ನಿಜಾಮರ ಊರಿನಲ್ಲಿದ್ದರೂ ನಿಜಾಮರ ಕೈಯಲ್ಲಿರಲಿಲ್ಲ. ಪಕ್ಕದ ಕೋಟಿಯಲ್ಲಿ ಬ್ರಿಟಿಷ್ ರೆಸಿಡೆಂಟರ ಭವ್ಯವಾದ ಮನೆ. ಮುಂದೆ ಮಹಿಳಾ ಕಾಲೇಜಾದದ್ದು ಅದೇ ಕಟ್ಟಡ. ಸುತ್ತಲಿನ ಪೇಟೆಗೆ ರೆಸಿಡೆನ್ಸಿ ಬಜಾರ್ ಎಂದು ಹೆಸರು, ಅಲ್ಲಿ ನಡೆಯುತ್ತಿದ್ದುದು ರೆಸಿಡೆಂಟರ ಆಡಳಿತ. 1933ರಲ್ಲಿ ಅದು ನಿಜಾಮರಿಗೆ ಮರಳಿತು, ಹೆಸರು ಸುಲ್ತಾನ್ ಬಜಾರ್ ಆಯಿತು. 1901ರಲ್ಲಿ ಶುರುವಾದ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಇರುವುದೂ ಇಲ್ಲಿಯೇ. ನಮ್ಮ ಕನ್ನಡದ ರಾಯರ ಹೆಸರಿನಲ್ಲಿ ತೆಲುಗಿನ ಗ್ರಂಥಾಲಯ! ಎರಡು ಊರು, ಎರಡು ಭಾಷೆ, ಎರಡು ಆಡಳಿತ ಒಂದೇ ಬೀದಿಯಲ್ಲಿ ಸಿಗುವುದು ಈ ಬಜಾರಿಗೆ ಹೊಸದೇನಲ್ಲ.

ಇಲ್ಲಿಂದ ಅಬಿಡ್ಸ್ ದಾಟಿ ಬಶೀರ್‌ಬಾಗ್ ಕಡೆಗೆ ನಡೆದರೆ ಲಾಲ್ ಬಹಾದ್ದೂರ್ ಶಾಸ್ತ್ರಿ ಸ್ಟೇಡಿಯಂ. 1967ಕ್ಕೆ ಮೊದಲು ಅದರ ಹೆಸರು ಫತೇ ಮೈದಾನ, ಅಂದರೆ ಗೆಲುವಿನ ಬಯಲು. ಗೋಲ್ಕೊಂಡಾ ಮುತ್ತಿಗೆಯ ಕಾಲದಲ್ಲಿ ಔರಂಗಜೇಬನ ಸೈನ್ಯ ಬೀಡು ಬಿಟ್ಟಿದ್ದ ಜಾಗ ಅದು ಎನ್ನುತ್ತಾರೆ. ಮುಂದೆ ಯುದ್ಧದ ಬದಲು ಆಟ ಬಂತು. 1955ರ ನವೆಂಬರಿನಲ್ಲಿ ಹೈದರಾಬಾದಿನ ಮೊದಲ ಟೆಸ್ಟ್ ಪಂದ್ಯ ನ್ಯೂಜಿಲೆಂಡ್ ಮೇಲೆ ಇಲ್ಲಿಯೇ ನಡೆಯಿತು. ಪಾಲಿ ಉಮ್ರಿಗರ್ 223 ಹೊಡೆದರು. ಟೆಸ್ಟ್‌ನಲ್ಲಿ ಭಾರತೀಯನೊಬ್ಬನ ಮೊದಲ ದ್ವಿಶತಕ ಹುಟ್ಟಿದ್ದು ನಮ್ಮ ಈ ಊರಿನಲ್ಲಿ.

ಅದಕ್ಕೂ ಮೊದಲೇ ಇಲ್ಲಿ ದೊಡ್ಡ ಆಟದ ರುಚಿ ಹತ್ತಿತ್ತು. ಮೊಯಿನುದ್ದೌಲಾ ಗೋಲ್ಡ್ ಕಪ್ ಶುರುವಾದದ್ದು 1930-31ರಲ್ಲಿ. ಆ ವರ್ಷ ವಿಜಿಯನಗರಂ ಮಹಾರಾಜಕುಮಾರರ ತಂಡಕ್ಕೆ ಆಡಲು ಬಂದವರು ಯಾರು ಗೊತ್ತೇ? ಇಂಗ್ಲೆಂಡಿನ ಜ್ಯಾಕ್ ಹಾಬ್ಸ್ ಮತ್ತು ಹರ್ಬರ್ಟ್ ಸಟ್‌ಕ್ಲಿಫ್! ಕೆಲವು ವರ್ಷದ ಮೇಲೆ ವೆಸ್ಟ್ ಇಂಡೀಸಿನ ಲಿಯರಿ ಕಾನ್‌ಸ್ಟಂಟೈನ್ ಕೂಡ ಬಂದು ಆಡಿ ಹೋದರು. ಐಪಿಎಲ್ ಬರುವುದಕ್ಕೆ ಮುಕ್ಕಾಲು ಶತಮಾನ ಮೊದಲೇ ಪರದೇಶದ ಆಟಗಾರರನ್ನು ಕರೆಸಿ ಆಡಿಸಿದ ಊರು ಇದು.

ಆಗ ನಾವು ಯಾರ ಕಡೆ ಇದ್ದೆವು?

ಈಗ ರಣಜಿ ಟ್ರೋಫಿಗೆ ಬರೋಣ. ದೇಶದ ಈ ಚಾಂಪಿಯನ್‌ಶಿಪ್‌ನ ಮೊಟ್ಟಮೊದಲ ಪಂದ್ಯ ನಡೆದದ್ದು 1934ರ ನವೆಂಬರ್ 4ರಂದು, ಮದ್ರಾಸಿನ ಚೆಪಾಕ್‌ನಲ್ಲಿ. ಆಡಿದ ತಂಡಗಳು ಮದ್ರಾಸ್ ಮತ್ತು ನಮ್ಮ ಮೈಸೂರು. ಪಂದ್ಯ ಒಂದೇ ದಿನದಲ್ಲಿ ಮುಗಿಯಿತು! ಮೈಸೂರು ಮೊದಲ ಸಲ 48, ಎರಡನೇ ಸಲ 59. ಮದ್ರಾಸ್ ಒಂದೇ ಇನಿಂಗ್ಸ್‌ನಲ್ಲಿ 130. ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಮುಂದೆ ದ್ರಾವಿಡ್, ಕುಂಬ್ಳೆ, ವಿಶ್ವನಾಥರನ್ನು ಕೊಡಬೇಕಿದ್ದ ತಂಡದ ಶ್ರೀಗಣೇಶ ಆದದ್ದು ಹೀಗೆ.

ಹೈದರಾಬಾದಿನ ಕಥೆ ಬೇರೆ. 1937-38ರ ಫೈನಲ್, ಬಾಂಬೆಯಲ್ಲಿ. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ನವಾನಗರ. ಕೊನೆಯ ಇನಿಂಗ್ಸ್‌ನಲ್ಲಿ ಹೈದರಾಬಾದಿನ ಒಂಬತ್ತು ವಿಕೆಟ್ ಬಿದ್ದವು, ಒಂದೇ ಒಂದು ಉಳಿಯಿತು. ಎಡ್ಡಿ ಐಬಾರಾ ಅಲುಗಾಡದೆ ನಿಂತು ಅಜೇಯ 137 ಹೊಡೆದರು. ಎಸ್.ಎಂ. ಹುಸೇನ್ ನಾಯಕತ್ವದ ತಂಡ ಒಂದು ವಿಕೆಟ್ಟಿನಿಂದ ಗೆದ್ದಿತು. ರಣಜಿಯ ಚರಿತ್ರೆಯಲ್ಲಿ ಇಷ್ಟು ಉಸಿರು ಬಿಗಿಹಿಡಿಸಿದ ಫೈನಲ್‌ಗಳು ಬೆರಳೆಣಿಕೆಯಷ್ಟು.

ಇಲ್ಲಿ ಸ್ವಲ್ಪ ನಿಲ್ಲಿ. ಒಂದು ಸಣ್ಣ ಪ್ರಶ್ನೆ ಕೇಳುತ್ತೇನೆ. ಅಂದು ಗೆದ್ದದ್ದು ಯಾರು? ಹೈದರಾಬಾದ್ ಎನ್ನುತ್ತೀರಿ. ಸರಿ. ಆದರೆ 1938ರಲ್ಲಿ ಹೈದರಾಬಾದ್ ಎಂದರೆ ಈ ಊರೊಂದೇ ಅಲ್ಲ. ಕಲಬುರಗಿ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬೀದರ, ರಾಯಚೂರು, ಈಗಿನ ಕೊಪ್ಪಳ ಎಲ್ಲ ಇದರೊಳಗೇ ಇದ್ದವು. ನಮ್ಮಜ್ಜ ಆಗ ಕಲಬುರಗಿಯಲ್ಲಿ ಹುಡುಗ. ಬ್ಯಾಟು ನೋಡಿದ್ದನೋ ಇಲ್ಲವೋ ತಿಳಿಯದು. ಆದರೆ ಸರಕಾರಿ ಕಾಗದದ ಪ್ರಕಾರ ಅವನು ಹೈದರಾಬಾದಿನವನೇ! ಆ ಟ್ರೋಫಿ ಬೀದರದ ಆ ತಾಯಿಯ ಮುತ್ತಜ್ಜನದೂ ಹೌದು.

1942-43ರ ಫೈನಲ್ ನಮ್ಮ ಮನೆ ಬಾಗಿಲಿಗೇ, ಸಿಕಂದರಾಬಾದಿಗೆ ಬಂತು. ಹೈದರಾಬಾದ್ ಮತ್ತು ಬರೋಡಾ. ವಿಜಯ್ ಹಜಾರೆ ಇದ್ದ ಬರೋಡಾ ಗೆದ್ದುಕೊಂಡು ಹೋಯಿತು. 1956ರ ನವೆಂಬರ್ 1ರಂದು ರಾಜ್ಯಗಳು ಭಾಷೆಯ ಪ್ರಕಾರ ಹೊಸದಾಗಿ ಕೂಡಿದವು. ಕಲಬುರಗಿ, ಬೀದರ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಗೆರೆ ಅತ್ತ ಸರಿಯಿತು. ಆದರೆ ಅಂಗಡಿ, ನೌಕರಿ, ಬಾಡಿಗೆ ಮನೆ, ಬೀಗಸ್ತನ ಹಿಡಿದುಕೊಂಡು ಇತ್ತ ಉಳಿದವರ ಗತಿ? ಅವರೇ ನಾವು, ಕೇಳುಗರೇ.

1974: ಕಿವಿಯಿಂದ ನೋಡಿದ ಪಂದ್ಯ

ಮೈಸೂರು ಎಂಬ ಹೆಸರು ಹೋಗಿ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದೇ ಋತುವಿನಲ್ಲಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದಿತು. ಹೊಸ ಹೆಸರಿನ ಕಾಲ್ಗುಣ ಎನ್ನಬೇಕು! ಆದರೆ ಆ ವರ್ಷದ ನಿಜವಾದ ಫೈನಲ್ ಎಂದರೆ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್ ಎಂದು ಹಳಬರು ಈಗಲೂ ವಾದಿಸುತ್ತಾರೆ. ಎದುರಾಳಿ ಬಾಂಬೆ. 1958-59ರಿಂದ 1972-73ರವರೆಗೆ ಸತತ 15 ವರ್ಷ ಟ್ರೋಫಿಯನ್ನು ಯಾರಿಗೂ ಮುಟ್ಟಲು ಬಿಡದ ತಂಡ ಅದು.

ಗುಂಡಪ್ಪ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಕರ್ನಾಟಕ 385. ಬಾಂಬೆ ಕಡೆ ಸುನಿಲ್ ಗಾವಸ್ಕರ್ ಕುದುರಿಕೊಳ್ಳುವಷ್ಟರಲ್ಲಿ ಪ್ರಸನ್ನ ಅವರನ್ನು ಬೌಲ್ಡ್ ಮಾಡಿದರು. ನಾಯಕ ಅಜಿತ್ ವಾಡೇಕರ್ ಚೆನ್ನಾಗಿ ಆಡುತ್ತಿದ್ದಾಗ ಓಡುವಾಗ ಜಾರಿ ಬಿದ್ದು ರನೌಟ್! ಬಾಂಬೆ 307ಕ್ಕೆ ಮುಗಿಯಿತು. 78 ರನ್ನುಗಳ ಮುನ್ನಡೆ, 15 ವರ್ಷದ ಸಾಮ್ರಾಜ್ಯ ಖಲಾಸ್. ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪ್ರಸನ್ನ ಅವರ ಪಡೆ ಟ್ರೋಫಿ ಎತ್ತಿತು.

ನಮ್ಮಪ್ಪಾಜಿಗೆ ಆಗ ಹದಿನೈದರ ಆಸುಪಾಸು. ಕಲಬುರಗಿಯಲ್ಲಿ ಟಿವಿ ಎಲ್ಲಿ ಬಂತು? ಒಂದು ಚಹಾದ ಅಂಗಡಿಯ ಮುಂದೆ ಜನ, ಒಳಗೆ ಮರದ ಪೆಟ್ಟಿಗೆಯ ರೇಡಿಯೊ. ವಾಡೇಕರ್ ಬಿದ್ದದ್ದನ್ನು ಅಪ್ಪಾಜಿ ಇವತ್ತಿಗೂ ಎದ್ದು ನಿಂತು, ಕಾಲು ಜಾರಿಸಿ ತೋರಿಸುತ್ತಾರೆ. "ನೀವು ನೋಡಿದ್ರೇನು?" ಅಂದರೆ, "ಹೂಂ ಮತ್ತ, ರೇಡಿಯೋದಾಗ ನೋಡೀನಿ" ಅನ್ನುತ್ತಾರೆ! ಈ ಮಾತಿಗೆ ಮೊದಲು ನಗುತ್ತಿದ್ದೆ. ಮೈಕಿನ ಮುಂದೆ ಕೂತು ಇಷ್ಟು ವರ್ಷವಾದ ಮೇಲೆ ನಗುವುದಿಲ್ಲ. ಕೇಳಿದವನೂ ಪಂದ್ಯಕ್ಕೆ ಹೋದವನೇ.

ಇದಕ್ಕೆ ಸಾಕ್ಷಿ ಬೇಕೆಂದರೆ ಒಂದು ನಿಮಿಷ ಅಮೆರಿಕಕ್ಕೆ ಹೋಗಿ ಬರೋಣ. ನಿಮ್ಮ ಮಗನೋ ಮಗಳೋ ಅಲ್ಲಿದ್ದರೆ ಬೇಸ್‌ಬಾಲ್ ಹೆಸರು ಕೇಳಿಯೇ ಇರುತ್ತೀರಿ. ನಮ್ಮ ಕ್ರಿಕೆಟ್ಟಿನ ದಾಯಾದಿ. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ದುಂಡನೆಯ ಕೋಲಿನಿಂದ ಹೊಡೆಯುತ್ತಾನೆ. ಬೇಲಿಯಾಚೆ ಹೋದರೆ ಹೋಮ್ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ. 1951ರ ಅಕ್ಟೋಬರ್ 3ರಂದು ನ್ಯೂಯಾರ್ಕಿನಲ್ಲಿ ಲೀಗ್ ಪಟ್ಟದ ನಿರ್ಣಾಯಕ ಪಂದ್ಯ. ಎರಡೂ ತಂಡ ಒಂದೇ ಊರಿನವು, ಜೈಂಟ್ಸ್ ಮತ್ತು ಬ್ರೂಕ್ಲಿನ್ ಡಾಡ್ಜರ್ಸ್. ಕೊನೆಯ ಇನಿಂಗ್ಸ್‌ನಲ್ಲಿ ಜೈಂಟ್ಸ್ 2-4ರಿಂದ ಹಿಂದೆ. ಇಬ್ಬರು ಓಟಗಾರರು ದಾರಿಯಲ್ಲಿ ನಿಂತಿದ್ದಾರೆ. ಬಾಬಿ ಥಾಮ್ಸನ್ ಬೀಸಿದ ಏಟು ಬೇಲಿ ದಾಟಿತು, ಮೂರು ರನ್, 5-4!

ರೇಡಿಯೊ ವೀಕ್ಷಕ ವಿವರಣೆಕಾರ ರಸ್ ಹಾಜಸ್ ಹುಚ್ಚು ಹಿಡಿದವರಂತೆ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಕೂಗಿದರು. ಅಮೆರಿಕದಲ್ಲಿ ಇವತ್ತಿಗೂ ಜನ ಆ ಕೂಗನ್ನು ಕೇಳುತ್ತಾರೆ. ಅದು ಉಳಿದದ್ದು ಹೇಗೆ ಗೊತ್ತೇ? ಒಬ್ಬ ಅಭಿಮಾನಿ ಕೆಲಸಕ್ಕೆ ಹೋಗಲೇಬೇಕಿತ್ತು. ಪಂದ್ಯದ ಕೊನೆಯ ಭಾಗ ಬಂದಾಗ ಟೇಪ್ ರೆಕಾರ್ಡರ್ ಒತ್ತಿಬಿಡು ಎಂದು ತಾಯಿಗೆ ಹೇಳಿ ಹೋದ. ಆ ತಾಯಿ ಒತ್ತಿದರು. ಒಬ್ಬ ಅಮ್ಮನ ಬೆರಳಿನಿಂದ ಒಂದು ದೇಶದ ನೆನಪು ಉಳಿಯಿತು! 1957ರ ಆಟದ ಋತು ಮುಗಿದ ಮೇಲೆ ಎರಡೂ ತಂಡಗಳು ನ್ಯೂಯಾರ್ಕ್ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋದವು. ತಂಡ ಹೋಯಿತು, ಮೈದಾನ ಕೆಡವಿದರು, ದನಿ ಮಾತ್ರ ಉಳಿಯಿತು.

ಹದಿನಾರು ತಿಂಗಳು, ಮೂರು ಪಂದ್ಯ

ಈಗ ನನ್ನ ಕಣ್ಣಿನಿಂದ ನೋಡಿದ ಕಾಲ. 1999ರ ನವೆಂಬರ್ 8, ಸೋಮವಾರ. ಹಿಂದಿನ ದಿನ ದೀಪಾವಳಿ. ಸುಲ್ತಾನ್ ಬಜಾರಿನ ಗಲ್ಲಿಗಳಲ್ಲಿ ಸುಟ್ಟ ಪಟಾಕಿಯ ಕಾಗದ ಇನ್ನೂ ಗುಡಿಸಿರಲಿಲ್ಲ. ಅಪ್ಪಾಜಿ ನನ್ನನ್ನು ಕೈ ಹಿಡಿದು ಲಾಲ್ ಬಹಾದ್ದೂರ್ ಸ್ಟೇಡಿಯಂಗೆ ನಡೆಸಿಕೊಂಡು ಹೋದರು. ಭಾರತ ಮತ್ತು ನ್ಯೂಜಿಲೆಂಡ್ ಒಂದು ದಿನದ ಪಂದ್ಯ. ಸಿಮೆಂಟಿನ ಮೆಟ್ಟಿಲು, ತಲೆ ಮೇಲೆ ಕರವಸ್ತ್ರ, ಡಬ್ಬಿಯಲ್ಲಿ ಅವ್ವ ಕಟ್ಟಿಕೊಟ್ಟ ಚಪಾತಿ ಮತ್ತು ಹಬ್ಬದ ಶಂಕರಪೋಳಿ.

ಮೊದಲ ವಿಕೆಟ್ ಬೇಗ ಬಿತ್ತು. ಆಮೇಲೆ ಬಿದ್ದದ್ದು ರನ್ನುಗಳ ಮಳೆ. ಸಚಿನ್ ತೆಂಡೂಲ್ಕರ್ ಅಜೇಯ 186, ನಮ್ಮ ರಾಹುಲ್ ದ್ರಾವಿಡ್ 153. ಎರಡನೇ ವಿಕೆಟ್ಟಿಗೆ 331 ರನ್. ಅಂದಿಗೆ ಅದು ಒಂದು ದಿನದ ಕ್ರಿಕೆಟ್ಟಿನ ವಿಶ್ವದಾಖಲೆ. ಅದನ್ನು ಮುರಿಯಲು 2015ರ ವಿಶ್ವಕಪ್‌ನಲ್ಲಿ ಕ್ರಿಸ್ ಗೇಲ್ ಮತ್ತು ಮಾರ್ಲನ್ ಸ್ಯಾಮುಯೆಲ್ಸ್ ಬರಬೇಕಾಯಿತು. ಸ್ವಾರಸ್ಯ ಕೇಳಿ: ಈ ಜೋಡಿ ಮುರಿದ ಹಳೆಯ ದಾಖಲೆ ಅದೇ ವರ್ಷ ಟಾಂಟನ್‌ನಲ್ಲಿ ಸೌರವ್ ಗಂಗೂಲಿ ಜೊತೆ 318 ರನ್ ಸೇರಿಸಿದ್ದ ದ್ರಾವಿಡರದೇ! ಎರಡೂ ಕಡೆ ಇದ್ದವರು ಅವರೊಬ್ಬರೇ. ಇಡೀ ಸ್ಟೇಡಿಯಂ ಸಚಿನ್ ಸಚಿನ್ ಎನ್ನುತ್ತಿತ್ತು, ನಮ್ಮ ಮೆಟ್ಟಿಲ ಸಾಲಿನಲ್ಲಿ ಅಪ್ಪಾಜಿ ಒಬ್ಬರೇ ಎದ್ದು ನಿಂತು "ಭಲೆ ದ್ರಾವಿಡಾ!" ಎಂದು ಕೂಗಿದರು. ಪಕ್ಕದಲ್ಲಿದ್ದ ಒಬ್ಬರು "ಆಪ್ ಕರ್ನಾಟಕ್ ಕೇ ಹೈ ಕ್ಯಾ ಮಿಯಾ?" ಎಂದು ಕೇಳಿ ತಮ್ಮ ಕಡಲೆಕಾಯಿ ಪೊಟ್ಟಣ ಮುಂದೆ ಚಾಚಿದರು.

ಐದೇ ತಿಂಗಳು. 2000ದ ಏಪ್ರಿಲ್, ಬೆಂಗಳೂರಿನಲ್ಲಿ ರಣಜಿ ಸೆಮಿಫೈನಲ್. ಕರ್ನಾಟಕ ಹಿಂದಿನ ಎರಡು ವರ್ಷದ ಚಾಂಪಿಯನ್, ಎದುರಿಗೆ ಹೈದರಾಬಾದ್. ವಿ.ವಿ.ಎಸ್. ಲಕ್ಷ್ಮಣ್ ಬ್ಯಾಟ್ ಹಿಡಿದು ನಿಂತರು ನೋಡಿ, ಹೋಗಲೇ ಇಲ್ಲ. ನೂರು ಆಯಿತು, ಇನ್ನೂರು, ಮುನ್ನೂರು. ಕೊನೆಗೆ 353! ಆ ಋತುವಿನಲ್ಲಿ ಅವರು ಗಳಿಸಿದ್ದು 1,415 ರನ್, 8 ಶತಕ. ಅಂಗಡಿಯಲ್ಲಿ ಎಲ್ಲರಿಗೂ ಸಂಭ್ರಮ. ಅಪ್ಪಾಜಿ ಮಾತ್ರ ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ. ಮಾಲೀಕರು ಛೇಡಿಸಿದರಂತೆ: "ಲೆಕ್ಕದವ್ರೇ, ಇದನ್ನೂ ಜಮಾ ಹಿಡೀರಿ, ಮುನ್ನೂರ ಐವತ್ತಮೂರು!" ಮನೆಗೆ ಬಂದು ಊಟಕ್ಕೆ ಕೂತವರು ಅರ್ಧಕ್ಕೇ ಕೈ ತೊಳೆದರು. ಅವರು ಸಿಟ್ಟಾಗಿದ್ದು ಸೋಲಿಗಲ್ಲ. ಲಕ್ಷ್ಮಣರ ಆಟ ತಮಗೂ ಭಾಳ ಸೇರಿತಲ್ಲ, ಅದಕ್ಕೆ! ಹೈದರಾಬಾದ್ ಫೈನಲ್‌ಗೆ ಹೋಗಿ ಮುಂಬೈಗೆ ಸೋತಿತು. ಆ ಫೈನಲ್ ದಿನ ಅಪ್ಪಾಜಿ ಹೈದರಾಬಾದಿನ ಕಡೆಗಿದ್ದರು. ಯಾರಿಗೂ ಹೇಳಲಿಲ್ಲ ಅಷ್ಟೇ.

ಮೂರನೆಯದು 2001ರ ಮಾರ್ಚ್, ಕೋಲ್ಕತ್ತಾದ ಈಡನ್ ಗಾರ್ಡನ್ಸ್. ಸತತ 16 ಟೆಸ್ಟ್ ಗೆದ್ದು ಬಂದ ಆಸ್ಟ್ರೇಲಿಯಾ 445 ಹೊಡೆದು, ನಮ್ಮನ್ನು 171ಕ್ಕೆ ಮುಗಿಸಿ, ಫಾಲೋ ಆನ್ ಹೇರಿತ್ತು. ಎಲ್ಲ ಮುಗಿಯಿತು ಎಂದುಕೊಂಡಿದ್ದೆವು. ಮಾರ್ಚ್ 14, ನಾಲ್ಕನೆಯ ದಿನ. ಬೆಳಿಗ್ಗೆ ಬ್ಯಾಟು ಹಿಡಿದು ಹೋದವರು ಇಬ್ಬರು, ಸಂಜೆ ಮರಳಿದವರೂ ಅದೇ ಇಬ್ಬರು. ಒಬ್ಬ ಹೈದರಾಬಾದಿನವ, ಒಬ್ಬ ಬೆಂಗಳೂರಿನವ. ದಿನವಿಡೀ ಒಂದು ವಿಕೆಟ್ ಬೀಳಲಿಲ್ಲ, 335 ರನ್ ಬಂದವು. ಲಕ್ಷ್ಮಣ್ 281, ದ್ರಾವಿಡ್ 180, ಒಟ್ಟು ಜೊತೆಯಾಟ 376. ಮರುದಿನ ಹರ್‌ಭಜನ್ ಸಿಂಗ್ ಬೌಲಿಂಗಿನಲ್ಲಿ ಆಸ್ಟ್ರೇಲಿಯಾ ಕುಸಿಯಿತು. ಫಾಲೋ ಆನ್ ಆದ ಭಾರತ 171 ರನ್ನಿನಿಂದ ಗೆದ್ದಿತು.

ಆ ದಿನ ಬಜಾರಿನಲ್ಲಿ ಹೇಗಿತ್ತು ಅಂತೀರಿ! ಅಂಗಡಿಗೊಂದು ರೇಡಿಯೊ, ಒಂದರ ದನಿ ಮುಗಿಯುವಲ್ಲಿ ಇನ್ನೊಂದರ ದನಿ. ಗಲ್ಲಿಯ ಈ ತುದಿಯಿಂದ ಆ ತುದಿಗೆ ನಡೆದರೆ ಒಂದು ಬಾಲೂ ತಪ್ಪುತ್ತಿರಲಿಲ್ಲ. "ಸ್ಕೋರ್ ಕಿತ್ತಾ ಹುವಾ?" ಎಂದು ಒಬ್ಬರು, "ಎಂತ ಅಯಿಂದಿ?" ಎಂದು ಒಬ್ಬರು, "ಎಷ್ಟ ಆತ್ರೀ?" ಎಂದು ನಮ್ಮವರು. ಸಂಜೆ ಅಪ್ಪಾಜಿ ಅಂಗಡಿಯವರಿಗೆಲ್ಲ ಇರಾನಿ ಚಹಾ ಹೇಳಿದರು. ನನ್ನ ಜನ್ಮದಲ್ಲಿ ಅವರು ತಾವಾಗಿ ಚಹಾ ಕೊಡಿಸಿದ್ದು ಅದೇ ಮೊದಲು. ಆ ಒಂದು ದಿನ ಅವರು ಯಾವ ಕಡೆ ಎಂದು ಆರಿಸಿಕೊಳ್ಳಬೇಕಾಗಿರಲಿಲ್ಲ.

ಕಿತ್ತಳೆ ಮತ್ತು ಕೆಂಪು

ಐಪಿಎಲ್ ಬಂದ ಮೇಲೆ ಆ ಸುಖ ಹೋಯಿತು. 2009ರ ಮೇ 24, ಜೋಹಾನ್ಸ್‌ಬರ್ಗ್. ಫೈನಲ್‌ನಲ್ಲಿ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಮತ್ತು ಬೆಂಗಳೂರಿನ ರಾಯಲ್ ಚಾಲೆಂಜರ್ಸ್. ಬೆಂಗಳೂರು ನಾಯಕ ಅನಿಲ್ ಕುಂಬ್ಳೆ ತಾವೇ ಮೊದಲ ಓವರ್ ಎಸೆದು ಆಡಂ ಗಿಲ್‌ಕ್ರಿಸ್ಟ್‌ರನ್ನು ಸೊನ್ನೆಗೆ ಕಳಿಸಿದರು. 16 ರನ್ನಿಗೆ 4 ವಿಕೆಟ್! ಕಾಸರಗೋಡಿನ ಕುಂಬಳೆಯ ಹೆಸರು ಹೊತ್ತ ಆ ಮನುಷ್ಯ ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠರಾದರು. ಆದರೆ ಕಪ್ ಹೈದರಾಬಾದಿಗೆ, 6 ರನ್ನಿನಿಂದ. ಹಾಗೆ ಗೆದ್ದ ಡೆಕ್ಕನ್ ಚಾರ್ಜರ್ಸ್ ತಂಡವೇ 2012ರಲ್ಲಿ ಇಲ್ಲವಾಯಿತು, 2013ರಲ್ಲಿ ಸನ್‌ರೈಸರ್ಸ್ ಬಂತು. ತಂಡಗಳು ಮಾಯವಾಗುವುದು ನ್ಯೂಯಾರ್ಕಿನಲ್ಲಿ ಮಾತ್ರ ಅಲ್ಲ ನೋಡಿ.

2016ರ ಮೇ 29 ಇನ್ನೂ ಕಷ್ಟದ ದಿನ. ಫೈನಲ್ ಬೆಂಗಳೂರಿನ ಚಿನ್ನಸ್ವಾಮಿಯಲ್ಲೇ. ಆ ವರ್ಷ ವಿರಾಟ್ ಕೊಹ್ಲಿ ಹೊಡೆದದ್ದು 973 ರನ್. ಸನ್‌ರೈಸರ್ಸ್ 208 ಮಾಡಿತು. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 114 ಸೇರಿಸಿದಾಗ ಗೆದ್ದೇ ಬಿಟ್ಟೆವು ಅನ್ನಿಸಿತ್ತು. ಕೊನೆಗೆ 200ಕ್ಕೆ ನಿಂತಿತು. ಎಂಟೇ ಎಂಟು ರನ್. ಹೈದರಾಬಾದಿಗೆ ಬಂದ ಎರಡೂ ಐಪಿಎಲ್ ಕಪ್ ಬೆಂಗಳೂರನ್ನು ಫೈನಲ್‌ನಲ್ಲಿ ಸೋಲಿಸಿ ಬಂದವೇ. ಕಾಚಿಗುಡದ ಆ ಮನೆಯಲ್ಲಿ ಗಂಡ ಮತ್ತು ಮಗ ಆ ರಾತ್ರಿ ಮಾತಾಡಿರಲಿಕ್ಕಿಲ್ಲ!

ನಮ್ಮದೇ ತಂಡ ಇಲ್ಲದ ಫೈನಲ್‌ಗಳೂ ನಮ್ಮೂರಿಗೆ ಬಂದವು. 2017ರಲ್ಲಿ ಉಪ್ಪಲ್ ಸ್ಟೇಡಿಯಂನಲ್ಲಿ ಮುಂಬೈ 129 ಮಾಡಿ ಪುಣೆಯನ್ನು 128ಕ್ಕೆ ಹಿಡಿಯಿತು. 2019ರಲ್ಲಿ ಅದೇ ಮುಂಬೈ 149, ಚೆನ್ನೈ 148. ಎರಡೂ ಸಲ ಒಂದೇ ರನ್! ಎರಡನೆಯದಕ್ಕೆ ನಾನು ಹೋಗಿದ್ದೆ. ಕೊನೆಯ ಚೆಂಡಿಗೆ ಎರಡು ರನ್ ಬೇಕು. ಲಸಿತ್ ಮಾಲಿಂಗಾ ಓಡಿ ಬರುತ್ತಿದ್ದಾರೆ. ಅಷ್ಟು ದೊಡ್ಡ ಸ್ಟೇಡಿಯಂ ಒಂದು ಕ್ಷಣ ನಮ್ಮ ಸ್ಟುಡಿಯೊದಷ್ಟು ಮೌನವಾಯಿತು. ನಿಧಾನದ ಚೆಂಡು, ಶಾರ್ದೂಲ್ ಠಾಕೂರ್ ಎಲ್‌ಬಿಡಬ್ಲ್ಯೂ. ನನಗೆ ಎರಡೂ ತಂಡ ಬೇಕಾಗಿರಲಿಲ್ಲ, ಆದರೂ ಎದೆ ಡವಡವ ಎನ್ನುತ್ತಿತ್ತು. ಪಕ್ಕದ ಅಪರಿಚಿತನ ಕೈ ಗಟ್ಟಿಯಾಗಿ ಹಿಡಿದಿದ್ದೆ, ಅವನೂ ಹಿಡಿದಿದ್ದ. ಅವನು ಯಾವ ಕಡೆಯವನೋ ಕೇಳಲೇ ಇಲ್ಲ.

ಗೆಲುವಿನ ಮರುದಿನ

ಕೊನೆಗೂ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರು ಪಂಜಾಬನ್ನು 6 ರನ್ನಿನಿಂದ ಸೋಲಿಸಿತು. ಹದಿನೆಂಟನೆಯ ಋತುವಿನಲ್ಲಿ ಮೊದಲ ಕಪ್. ಅಪ್ಪಾಜಿ ಫೋನ್ ಮಾಡಿ ಮಾತಾಡಲಿಲ್ಲ, ಸುಮ್ಮನೆ ಅತ್ತರು. ಮರುದಿನ, ಜೂನ್ 4, ವಿಜಯೋತ್ಸವಕ್ಕೆ ಚಿನ್ನಸ್ವಾಮಿ ಸ್ಟೇಡಿಯಂ ಬಳಿ ಸೇರಿದ ಜನಸಾಗರದ ನೂಕುನುಗ್ಗಲಿನಲ್ಲಿ 11 ಮಂದಿ ತೀರಿಕೊಂಡರು. ಐವತ್ತಕ್ಕೂ ಹೆಚ್ಚು ಜನರಿಗೆ ಗಾಯ. ಹೋದವರಲ್ಲಿ ಮಕ್ಕಳಿದ್ದರು, ಎಳೆಯರಿದ್ದರು. ತಮ್ಮ ತಂಡವನ್ನು ಒಮ್ಮೆ ಕಣ್ಣಾರೆ ನೋಡಲು ಬಂದಿದ್ದರು, ಅಷ್ಟೇ.

ಆ ವಾರದ ಕಾರ್ಯಕ್ರಮಕ್ಕೆ ನಾನು ಸಂಭ್ರಮದ ಹಾಡುಗಳನ್ನು ಆರಿಸಿಟ್ಟಿದ್ದೆ. ಎಲ್ಲ ತೆಗೆದಿಟ್ಟೆ. ಅದೇ ಕಾಚಿಗುಡದ ತಾಯಿ ಮತ್ತೆ ಫೋನ್ ಮಾಡಿದರು. ಈ ಸಲ ನಗಲಿಲ್ಲ. "ಅಣ್ಣಾರ, ನನ್ನ ಮಗ ನಿನ್ನಿ ಕಿತ್ತಳೆ ಅಂಗಿ ಹಾಕ್ಕೊಳ್ಳಲಿಲ್ಲ. ಅವರಪ್ಪನ ಬಾಜೂಕ ಸುಮ್ಮನ ಬಂದು ಕುಂತ" ಎಂದರು. ಪ್ರಸಾರದಲ್ಲಿ ಮೌನ ಇರಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಅಂದು ಕೆಲವು ಕ್ಷಣ ಮೌನವೇ ಪ್ರಸಾರವಾಯಿತು.

ಅಮ್ಮಾ, ನೀವು ಇದನ್ನು ಓದುತ್ತಿದ್ದರೆ, ಅಂದು ಕೊಡದ ಉತ್ತರ ಇಲ್ಲಿದೆ. ನೀವು ಯಾರ ಕಡೆಗೂ ಇರಬಹುದು, ಇಬ್ಬರ ಕಡೆಗೂ ಇರಬಹುದು. 1938ರಲ್ಲಿ ನಿಮ್ಮ ಮುತ್ತಜ್ಜ ಹೈದರಾಬಾದ್, 1974ರಲ್ಲಿ ನಿಮ್ಮ ಮಂದಿ ಕರ್ನಾಟಕ, ಈಗ ನಿಮ್ಮ ಮಗ ಮತ್ತೆ ಹೈದರಾಬಾದ್. ಗೆರೆಗಳು ಅತ್ತಿತ್ತ ಸರಿದಿವೆ, ತಂಡಗಳು ಬಂದು ಹೋಗಿವೆ. ಉಳಿದದ್ದು ಪಂದ್ಯದ ಹೊತ್ತಿಗೆ ನಮ್ಮ ಪಕ್ಕದಲ್ಲಿ ಯಾರು ಕೂತಿದ್ದರು ಎಂಬ ನೆನಪು. ನನಗೆ 331 ಎಂದರೆ ಶಂಕರಪೋಳಿ ಡಬ್ಬಿ, 376 ಎಂದರೆ ಇರಾನಿ ಚಹಾ. ಗೆದ್ದವರಿಗೆ ಚಪ್ಪಾಳೆ ಹೊಡೆಯೋಣ, ಸೋತವರ ತಟ್ಟೆಗೂ ಒಂದಿಷ್ಟು ಹೋಳಿಗೆ ಬಡಿಸೋಣ. ಮತ್ತು ಪಂದ್ಯಕ್ಕೆ ಹೋದವರೆಲ್ಲ ಮನೆಗೆ ಮರಳಲಿ.

ಕೇಳುಗರೇ, ನಿಮ್ಮ ಮನೆಯಲ್ಲಿ ಯಾವ ಪಂದ್ಯದ ನೆನಪಿದೆ? ಯಾರ ಜೊತೆ ನೋಡಿದಿರಿ, ಯಾರ ಜೊತೆ ಕೇಳಿದಿರಿ? ಫೋನ್ ಮಾಡಿ ಹೇಳಿ, ಇಲ್ಲವೇ ನಾಲ್ಕು ಸಾಲು ಬರೆದು ಕಳಿಸಿ. ಮುಂದಿನ ಕಾರ್ಯಕ್ರಮದಲ್ಲಿ ಓದುತ್ತೇನೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ದನಿಯನ್ನೇ ಮೊಬೈಲಿನಲ್ಲಿ ಹಿಡಿದಿಡಿ. ನ್ಯೂಯಾರ್ಕಿನ ಆ ತಾಯಿಯ ಹಾಗೆ ಒಂದು ಗುಂಡಿ ಒತ್ತಿದರೆ ಸಾಕು.

ಮತ್ತೆ ಸಿಗೋಣ, ಅದೇ ಅಲೆಯಲ್ಲಿ, ಅದೇ ಕನ್ನಡದಲ್ಲಿ. ಅಲ್ಲಿಯವರೆಗೆ ಶುಭದಿನ.